ಪಟದ ಅಂಚಿನ ಅಂಕಿ

ಮುಳಬಾಗಿಲು ತಾಲ್ಲೂಕಿನ ಬೈರಕೂರಿನಿಂದ ನಮ್ಮ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಹಬ್ಬಕ್ಕೆ ಊರಿಗೆ ಬಂದಾಗ ಕಪ್ಪು ಬಿಳುಪಿನ ಒಂದು ಛಾಯಾಚಿತ್ರಕ್ಕೆ ಕಟ್ಟು ಹಾಕಿಸಿ ತಂದು ನಡುಮನೆಯ ಗೋಡೆಗೆ ತೂಗುಹಾಕಿದನಂತೆ. ಚಿತ್ರದಲ್ಲಿರುವುದು ಹಳೆಯ ಬೆಂಗಳೂರಿನ ಒಂದು ಬೀದಿ: ಒಂದು ಜಟಕಾ ಗಾಡಿ, ಒಂದು ಅಂಗಡಿಯ ಜಗಲಿ, ಮಳೆಯಲ್ಲಿ ಕೊಡೆ ಹಿಡಿದು ಹೋಗುತ್ತಿರುವ ಒಬ್ಬ ಮುದುಕ. ಕೆಳಗಿನ ಬಿಳಿಯ ಅಂಚಿನಲ್ಲಿ ಸೀಸದ ಕಡ್ಡಿಯಿಂದ 7/25 ಎಂದು ಬರೆದಿದೆ. ಅದರ ಪಕ್ಕದಲ್ಲಿ ಒಂದು ಸಹಿ. ಇದಕ್ಕೆ ಮಗನು ತೆತ್ತ ಹಣ ಒಂದು ಒಳ್ಳೆಯ ಸೀಮೆಹಸುವಿನ ಬೆಲೆ ಎಂದು ತಿಳಿದ ರಾತ್ರಿ ತಂದೆಗೆ ನಿದ್ರೆ ಬರಲಿಲ್ಲವಂತೆ. ಅವರು ಕೇಳುವುದು ಇಷ್ಟು: “ಇದು ನಮ್ಮ ಮನೆಯವರ ಪಟವಲ್ಲ, ದೇವರ ಪಟವೂ ಅಲ್ಲ. ನೆಗೆಟಿವ್ ಒಂದಿದ್ದರೆ ಇಂಥವನ್ನು ಸಾವಿರ ತೆಗೆಯಬಹುದು. ಹಾಗಿರುವಾಗ ಇಪ್ಪತ್ತೈದೇ ಎಂಬ ಮಾತಿಗೆ ಆಧಾರವೇನು? ನಮ್ಮ ಹುಡುಗ ಮೋಸಹೋದನೇ?”

ಈ ಪ್ರಶ್ನೆ ಒಬ್ಬರದಲ್ಲ. ಇಪ್ಪತ್ತನೆಯ ಶತಮಾನದ ನಗರಜೀವನವನ್ನು ಚಿತ್ರಿಸಿದವರ ಛಾಯಾಚಿತ್ರಗಳನ್ನು ಕೊಂಡು ಕೂಡಿಡುವ ಹವ್ಯಾಸವು ಪಶ್ಚಿಮದೇಶಗಳಲ್ಲಿ ಬಲವಾಗಿ ಬೇರೂರಿ, ಈಗ ನಮ್ಮ ನಾಡಿಗೂ ಬಂದಿರುವುದು. ಆದುದರಿಂದ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು ಹೇಳುವುದು ಉಚಿತವೆಂದು ತೋರಿತು.

ಮೊದಲು ಅಂಕಿಯ ವಿಚಾರ. 7/25 ಎಂದರೆ, ಆ ಚಿತ್ರದ ಆ ಆವೃತ್ತಿಯಲ್ಲಿ ಒಟ್ಟು ಇಪ್ಪತ್ತೈದು ಪ್ರತಿಗಳು, ಅವುಗಳಲ್ಲಿ ಇದು ಏಳನೆಯದು ಎಂದರ್ಥ. ಈ ಪದ್ಧತಿ ಛಾಯಾಚಿತ್ರದ್ದಲ್ಲ. ತಾಮ್ರದ ತಗಡಿನ ಮೇಲೆ ಗೀರಿ ಚಿತ್ರ ಮುದ್ರಿಸುವವರಿಂದ ಬಂದುದು. ತಾಮ್ರವು ಮೆದು ಲೋಹ. ಅಚ್ಚಿನ ಯಂತ್ರದ ಒತ್ತಡಕ್ಕೆ ಅದರ ಗೀರುಗಳು ದಿನದಿನಕ್ಕೆ ಸವೆಯುವುವು. ಮೊದಲ ಪ್ರತಿಗಳಲ್ಲಿ ಗೆರೆ ಚೂಪಾಗಿಯೂ ಮಸಿ ಗಾಢವಾಗಿಯೂ ಇದ್ದರೆ, ಕೊನೆಯವು ಮಂಕಾಗಿರುವುವು. ಆದಕಾರಣ ಅಲ್ಲಿ ಎಷ್ಟನೆಯ ಪ್ರತಿ ಎಂಬುದಕ್ಕೆ ಸಹಜವಾದ ಬೆಲೆಯುಂಟು. ಪ್ರತಿಗಳಿಗೆ ಸಂಖ್ಯೆ ಹಾಕಿ ಸಹಿ ಮಾಡುವ ವಾಡಿಕೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಕಲೆಯಲ್ಲಿ ನೆಲೆಗೊಂಡಿತು.

ನೆಗೆಟಿವ್ ಹಾಗಲ್ಲ. ಬೆಳಕು ಅದನ್ನು ಹಾದುಹೋಗುವುದೇ ಹೊರತು ಸವೆಸುವುದಿಲ್ಲ. ಎಚ್ಚರದಿಂದ ಕಾಪಾಡಿದ ನೆಗೆಟಿವ್ ನೂರನೆಯ ಪ್ರತಿಯನ್ನೂ ಮೊದಲನೆಯದರಷ್ಟೇ ಚೆನ್ನಾಗಿ ಕೊಡಬಲ್ಲುದು. ಹೀಗಾಗಿ ಛಾಯಾಚಿತ್ರಗಾರರು ಬಹುಕಾಲ ಈ ಸಂಖ್ಯೆಯ ಗೊಡವೆಗೆ ಹೋಗಲಿಲ್ಲ. ಬೀದಿಯ ಜೀವನವನ್ನು ಸೆರೆಹಿಡಿಯುವುದರಲ್ಲಿ ಜಗತ್ಪ್ರಸಿದ್ಧನಾದ ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸಾನನು (1908–2004) ತನ್ನ ಚಿತ್ರಗಳಿಗೆ ಸಹಿ ಹಾಕಿದನೇ ಹೊರತು ಇಷ್ಟೇ ಪ್ರತಿ ಎಂಬ ಮಿತಿಯನ್ನು ಹಾಕಿಕೊಳ್ಳಲಿಲ್ಲ. ಮಿತಿ ಹಾಕುವ ರೂಢಿ ಬಲಗೊಂಡುದು 1970ರ ದಶಕದಿಂದೀಚೆಗೆ, ಛಾಯಾಚಿತ್ರವನ್ನೇ ಮಾರುವ ಚಿತ್ರಶಾಲೆಗಳು ಹೆಚ್ಚಿದ ಮೇಲೆ.

ಇದರಿಂದ ಬೈರಕೂರಿನ ಮಹನೀಯರ ಸಂಶಯ ಅರ್ಧಕ್ಕೆ ಸರಿಯೆಂದಾಯಿತು. ಆ ಮಿತಿ ವಸ್ತುವಿನ ಗುಣದಿಂದ ಬಂದುದಲ್ಲ. ಒಬ್ಬ ಮನುಷ್ಯ ಕೊಟ್ಟ ಮಾತಿನಿಂದ ಬಂದುದು. ‘ಇಪ್ಪತ್ತೈದರ ಮೇಲೆ ನಾನು ತೆಗೆಯೆನು’ ಎಂಬ ವಾಗ್ದಾನವೇ ಆ ಅಂಚಿನ ಅಂಕಿ. ಕೊಳ್ಳುವವನು ಕಾಗದಕ್ಕೆ ಒಂದಿಷ್ಟು, ಕಲೆಗೆ ಒಂದಿಷ್ಟು, ಈ ವಾಗ್ದಾನಕ್ಕೆ ಒಂದಿಷ್ಟು ಹಣ ಕೊಡುವನು. ವಾಗ್ದಾನವು ಕೊಟ್ಟವನಷ್ಟೇ ಗಟ್ಟಿ. ಈ ಹವ್ಯಾಸದಲ್ಲಿ ತಿಳಿಯಬೇಕಾದುದೆಲ್ಲ ಇದೊಂದು ಮಾತಿನಲ್ಲಿ ಅಡಗಿದೆ.

ಹಾಗೆಂದು ಎಲ್ಲ ಪ್ರತಿಗಳೂ ಒಂದೇ ಎಂದು ಭಾವಿಸಲಾಗದು. ಮುಳಬಾಗಿಲಿನ ದೋಸೆಯನ್ನು ತಿಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಟ್ಟು ಒಂದೇ, ಕಲ್ಲು ಒಂದೇ. ಹುಯ್ಯುವ ಕೈ ಬೇರೆಯಾದರೆ ದೋಸೆಯೇ ಬೇರೆ. ಕತ್ತಲೆ ಕೋಣೆಯಲ್ಲಿ ಪ್ರತಿ ತೆಗೆಯುವವನು ಬೆಳಕನ್ನು ಒಂದೆಡೆ ಅಂಗೈಯಿಂದ ಮರೆಮಾಡುವನು, ಇನ್ನೊಂದೆಡೆ ಎರಡು ಕ್ಷಣ ಹೆಚ್ಚು ಬಿಡುವನು. ಆಕಾಶದ ಮೋಡ ಮೂಡುವುದೂ ಮುದುಕನ ಮುಖ ನೆರಳಿನಲ್ಲಿ ಮುಳುಗಿಹೋಗದಿರುವುದೂ ಆ ಕೈಚಳಕದಿಂದ. ಚಿತ್ರವನ್ನು ಹಿಡಿದ ಕೆಲವು ವರ್ಷಗಳೊಳಗೆ, ಅದನ್ನು ಹಿಡಿದವನೇ ತೆಗೆದ ಅಥವಾ ತನ್ನ ಕಣ್ಣೆದುರಿಗೆ ತೆಗೆಸಿದ ಪ್ರತಿಗೆ ‘ವಿಂಟೇಜ್’ ಎಂಬ ಹೆಸರು. ಅವನೇ ಮುಪ್ಪಿನಲ್ಲಿ ತೆಗೆದುದು ಮತ್ತೊಂದು ಬಗೆ. ಅವನು ಹೋದ ಮೇಲೆ ಮಕ್ಕಳೋ ಸಂಸ್ಥೆಯೋ ತೆಗೆಸಿದುದು ಇನ್ನೊಂದು ಬಗೆ. ಮೂರಕ್ಕೂ ಬೆಲೆ ಬೇರೆ ಬೇರೆ. ಮೂರನ್ನೂ ಪ್ರಾಮಾಣಿಕವಾಗಿ ಮಾರಬಹುದು. ಒಂದನ್ನು ತೋರಿಸಿ ಮತ್ತೊಂದನ್ನು ಮಾರುವುದು ಮಾತ್ರ ವಂಚನೆ.

ವಾಗ್ದಾನವು ಎಲ್ಲೆಲ್ಲಿ ಸಡಿಲವಾಗುವುದೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡುವೆವು.

ಒಂದು. ಅಮೆರಿಕದ ಮೆಂಫಿಸ್ ನಗರದ ವಿಲಿಯಂ ಎಗಲ್‌ಸ್ಟನ್ ಎಂಬಾತ ವರ್ಣಛಾಯಾಚಿತ್ರಕ್ಕೆ ಕಲೆಯ ಪದವಿಯನ್ನು ದೊರಕಿಸಿದವರಲ್ಲಿ ಮುಖ್ಯನು. ಆತನ ಹಳೆಯ ಚಿತ್ರಗಳು ಮಿತಸಂಖ್ಯೆಯ ಆವೃತ್ತಿಗಳಾಗಿ ಮಾರಾಟವಾಗಿದ್ದುವು. 2012ರಲ್ಲಿ ಅವುಗಳಲ್ಲಿ ಕೆಲವನ್ನೇ ಹೊಸ ವಿಧಾನದಿಂದ ಬಹಳ ದೊಡ್ಡ ಗಾತ್ರದಲ್ಲಿ ತೆಗೆದು ನ್ಯೂಯಾರ್ಕಿನಲ್ಲಿ ಹರಾಜು ಹಾಕಲಾಯಿತು. ಹಳೆಯ ಪ್ರತಿಗಳನ್ನು ಕೊಂಡಿದ್ದ ಒಬ್ಬ ಸಂಗ್ರಾಹಕನು, ತನ್ನ ಪ್ರತಿಗಳ ಬೆಲೆ ಇದರಿಂದ ಕುಂದಿತೆಂದು ನ್ಯಾಯಾಲಯಕ್ಕೆ ಹೋದನು. 2013ರಲ್ಲಿ ಆ ದಾವೆ ವಜಾ ಆಯಿತು. ವಿಧಾನವೂ ಗಾತ್ರವೂ ಬೇರೆಯಾದ ಮೇಲೆ ಅದು ಬೇರೊಂದು ಆವೃತ್ತಿ ಎಂಬುದು ತೀರ್ಪಿನ ತಾತ್ಪರ್ಯ. ಇದರಿಂದ ತಿಳಿಯತಕ್ಕದ್ದೇನೆಂದರೆ, ಇಪ್ಪತ್ತೈದೇ ಎಂದಾಗ ‘ಈ ಗಾತ್ರದಲ್ಲಿ ಮಾತ್ರವೇ, ಎಲ್ಲ ಗಾತ್ರವೂ ಸೇರಿಯೇ?’ ಎಂದು ಕೇಳದೆ ಹಣ ಎಣಿಸಬಾರದು.

ಎರಡು. ಚಿಕಾಗೋ ನಗರದಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುತ್ತ ಬಾಳು ಸವೆಸಿದ ವಿವಿಯನ್ ಮೈಯರ್ ಎಂಬ ಹೆಂಗಸು ಬಿಡುವಿನಲ್ಲಿ ಬೀದಿ ಬೀದಿ ಅಲೆದು ಒಂದು ಲಕ್ಷಕ್ಕೂ ಮಿಕ್ಕು ಚಿತ್ರಗಳನ್ನು ಹಿಡಿದಿದ್ದಳು. ಯಾರಿಗೂ ತೋರಿಸಲಿಲ್ಲವೆಂದೇ ಹೇಳಬಹುದು. ಬಾಡಿಗೆ ಕಟ್ಟಲಾಗದೆ ಉಳಿದ ಅವಳ ಪೆಟ್ಟಿಗೆಗಳು 2007ರಲ್ಲಿ ಹರಾಜಾದುವು. 2009ರಲ್ಲಿ ಅವಳು ತೀರಿಕೊಂಡಳು. ಕೀರ್ತಿ ಬಂದುದು ಆಮೇಲೆ. ಅವಳ ನೆಗೆಟಿವ್‌ಗಳಿಂದ ತೆಗೆದ ಪ್ರತಿಗಳು ಹದಿನೈದರ ಆವೃತ್ತಿಗಳಾಗಿ ಮಾರಾಟವಾದುವು. ಆ ಹದಿನೈದು ಎಂಬ ಮಾತನ್ನು ಕೊಟ್ಟವಳು ಅವಳಲ್ಲ, ಪೆಟ್ಟಿಗೆಯನ್ನು ಕೊಂಡವರು. 2014ರಲ್ಲಿ ಮುದ್ರಣದ ಹಕ್ಕು ನಿಜವಾಗಿ ಯಾರದು ಎಂಬ ವ್ಯಾಜ್ಯವೂ ಹುಟ್ಟಿತು. ನೆಗೆಟಿವ್ ಕೈಯಲ್ಲಿರುವುದು ಬೇರೆ, ಅದರಿಂದ ಪ್ರತಿ ಮಾಡುವ ಹಕ್ಕಿರುವುದು ಬೇರೆ. ಪ್ರತಿಯನ್ನು ಕೊಂಡವರಿಗೂ ಇದೇ ನಿಯಮ: ಪಟವು ಅವರಿಗೆ ಸಲ್ಲುವುದು, ನಕಲು ಮಾಡಿ ಹಂಚುವ ಹಕ್ಕು ಸಲ್ಲುವುದಿಲ್ಲ.

ಮೂರು. ಲೂಯಿಸ್ ಹೈನ್ (1874–1940) ಎಂಬಾತ ನ್ಯೂಯಾರ್ಕಿಗೆ ಬಂದಿಳಿಯುತ್ತಿದ್ದ ವಲಸೆಗಾರರನ್ನೂ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನೂ, ಎಂಪೈರ್ ಸ್ಟೇಟ್ ಕಟ್ಟಡವನ್ನು ಕಟ್ಟಿದ ಕೂಲಿಗಳನ್ನೂ ಚಿತ್ರಿಸಿದ ಪುಣ್ಯಾತ್ಮನು. ಆತನ ಕಾಲದವೇ ಎಂದು ಮಾರಾಟವಾಗಿದ್ದ ಕೆಲವು ಪ್ರತಿಗಳ ಮೇಲೆ 1990ರ ದಶಕದ ಕೊನೆಯಲ್ಲಿ ಸಂಶಯ ಬಂದಿತು. ಕಾಗದವನ್ನು ಪರೀಕ್ಷಿಸಿದರು. ಛಾಯಾಚಿತ್ರದ ಕಾಗದಕ್ಕೆ ಹೊಳಪು ಬಿಳುಪನ್ನು ಕೊಡುವ ಒಂದು ರಾಸಾಯನಿಕವನ್ನು ಬೆರೆಸತೊಡಗಿದುದು 1950ರ ದಶಕದಿಂದ ಈಚೆಗೆ. ಬ್ಯಾಂಕುಗಳಲ್ಲಿ ನೋಟನ್ನು ಪರೀಕ್ಷಿಸುವಂಥ ನೇರಳೆ ಬೆಳಕಿನ ಕೆಳಗೆ ಅಂತಹ ಕಾಗದವು ನೀಲಿಯಾಗಿ ಬೆಳಗುವುದು. 1940ರಲ್ಲಿ ತೀರಿಕೊಂಡವನು ಆಮೇಲೆ ಹುಟ್ಟಿದ ಕಾಗದದ ಮೇಲೆ ಪ್ರತಿ ತೆಗೆದಿರಲಾರನಷ್ಟೆ! ಒಂದು ಎಚ್ಚರಿಕೆ: ಬೆಳಗಿದರೆ ಹಳೆಯದಲ್ಲವೆಂದು ಹೇಳಬಹುದೇ ಹೊರತು, ಬೆಳಗದಿದ್ದ ಮಾತ್ರಕ್ಕೆ ಹಳೆಯದೆಂದು ಹೇಳಲಾಗದು.

ಇನ್ನು ನಮ್ಮ ನಾಡಿನ ಮಾತು. ಕನ್ನಡ ನಾಡಿನಲ್ಲಿ ಈ ಬಗೆಯ ಚಿತ್ರಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಬೇಕೆಂಬುವರು ಮೊದಲು ಅರಿಯಬೇಕಾದ ಹೆಸರು ಟಿ. ಎಸ್. ಸತ್ಯನ್ ಅವರದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ 2009ರಲ್ಲಿ ಮೈಸೂರಿನಲ್ಲಿಯೇ ಕಾಲವಾದ ಈ ಮಹನೀಯರು ಡೆಕ್ಕನ್ ಹೆರಾಲ್ಡ್, ಇಲಸ್ಟ್ರೇಟೆಡ್ ವೀಕ್ಲಿ ಮೊದಲಾದ ಪತ್ರಿಕೆಗಳಿಗೆ ಚಿತ್ರ ತೆಗೆದವರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡುವು. ಅರಸರನ್ನೂ ಮಂತ್ರಿಗಳನ್ನೂ ಅವರು ಚಿತ್ರಿಸಿದರು. ಆದರೆ ಅವರ ಮನಸ್ಸು ನಿಂತುದು ದಿನದ ಬಾಳನ್ನು ಬಾಳುವ ಸಾಮಾನ್ಯರಲ್ಲಿ. ಅವರ ಚಿತ್ರಗಳ ದೊಡ್ಡದೊಂದು ಸಂಗ್ರಹವು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯದಲ್ಲಿ ಇರುವುದು. ‘ಮ್ಯಾಪ್’ ಎಂದು ಜನ ಕರೆಯುವ ಈ ಸಂಸ್ಥೆಯನ್ನು ಸ್ಥಾಪಿಸಿದ ಅಭಿಷೇಕ್ ಪೊದ್ದಾರ್ ಅವರೇ, ಛಾಯಾಚಿತ್ರಗಳಿಗೆಂದೇ ಮೀಸಲಾದ ‘ತಸ್ವೀರ್’ ಎಂಬ ಚಿತ್ರಶಾಲೆಯನ್ನು 2006ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದರು. ಬೈರಕೂರಿನಿಂದ ಬೆಂಗಳೂರು ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಕೊಳ್ಳುವ ಮುನ್ನ ಒಂದು ಹಗಲು ನಿಂತು ನೋಡುವುದಕ್ಕೆ ಸೀಮೆಹಸುವಿನ ಬೆಲೆ ಬೇಕಾಗಿಲ್ಲ.

ಸತ್ಯನ್ ಅವರ ತಲೆಮಾರಿನ ಪತ್ರಿಕಾ ಚಿತ್ರಗಾರರ ಪ್ರತಿಗಳ ವಿಷಯದಲ್ಲಿ ಒಂದು ವಿಶೇಷವುಂಟು. ಅವು ಸಾಮಾನ್ಯವಾಗಿ ಗೋಡೆಗೆಂದು ತೆಗೆದವಲ್ಲ. ಪತ್ರಿಕೆಯ ಕಚೇರಿಗೆಂದು ತೆಗೆದವು. ಮುಂಭಾಗದಲ್ಲಿ ಅಂಕಿ ಇರುವುದಿಲ್ಲ. ಹಿಂಭಾಗದಲ್ಲಿ ಚಿತ್ರಗಾರನ ರಬ್ಬರು ಮೊಹರು, ಕಚೇರಿಯ ತಾರೀಖು, ಅಂಟಿಸಿದ ಒಂದು ವಿವರದ ಚೀಟಿ ಇರಬಹುದು. ಅದನ್ನು ಕೊಳೆಯೆಂದು ಒರೆಸುವವರುಂಟು! ಅಂಥ ಪ್ರತಿಗೆ ಆ ಮೊಹರೇ ಜಾತಕ. ಅಂಚಿನ ಅಂಕಿಗಿಂತ ಹಿಂಭಾಗದ ಮೊಹರು ಎಷ್ಟೋ ವೇಳೆ ಹೆಚ್ಚು ಸತ್ಯವನ್ನು ನುಡಿಯುವುದು.

ಹಾಗಾದರೆ ಕೊಳ್ಳುವ ಗೃಹಸ್ಥನು ಕೇಳತಕ್ಕ ಪ್ರಶ್ನೆಗಳು ಯಾವುವು? ನಮ್ಮ ಲೆಕ್ಕದಲ್ಲಿ ಐದು. ಚಿತ್ರವನ್ನು ಹಿಡಿದ ವರ್ಷ ಯಾವುದು, ಈ ಪ್ರತಿಯನ್ನು ತೆಗೆದ ವರ್ಷ ಯಾವುದು? ಪ್ರತಿಯನ್ನು ತೆಗೆದವರು ಯಾರು, ಸಹಿ ಯಾರದು? ಎಲ್ಲ ಗಾತ್ರಗಳೂ ಸೇರಿ ಒಟ್ಟು ಎಷ್ಟು ಪ್ರತಿ, ಚಿತ್ರಗಾರನು ತನಗೆಂದು ಇಟ್ಟುಕೊಂಡ ಹೆಚ್ಚಿನ ಪ್ರತಿಗಳು ಎಷ್ಟು? ಕಾಗದವೂ ವಿಧಾನವೂ ಯಾವುದು; ಕತ್ತಲೆ ಕೋಣೆಯ ಬೆಳ್ಳಿಯ ಪ್ರತಿಯೇ, ಯಂತ್ರದಿಂದ ಬಣ್ಣ ಸಿಂಪಡಿಸಿ ಮುದ್ರಿಸಿದುದೇ? ಈ ನಾಲ್ಕನ್ನೂ ಬರೆದು ಸಹಿ ಮಾಡಿದ ಪ್ರಮಾಣಪತ್ರವನ್ನೂ ರಶೀತಿಯನ್ನೂ ಕೊಡುವಿರಾ? ಜಮೀನು ಕೊಳ್ಳುವಾಗ ಪಹಣಿಯನ್ನೂ ಕ್ರಯಪತ್ರವನ್ನೂ ನೋಡದವರಿಲ್ಲ. ಇಲ್ಲಿಯೂ ಅದೇ ನಡೆ. ಉತ್ತರಕ್ಕೆ ತಡವರಿಸುವ ಅಂಗಡಿಗೆ ನಮಸ್ಕಾರ ಹೇಳಿ ಹೊರಡಬಹುದು.

ಬೈರಕೂರಿನ ಹುಡುಗನ ಕೈಯಲ್ಲಿ ಈ ಐದಕ್ಕೂ ಉತ್ತರವಿದ್ದರೆ ಅವನು ಮೋಸಹೋಗಿಲ್ಲ. ಆದರೆ ಅವನು ಕೊಂಡುದು ಏತಕ್ಕೆ ಎಂಬ ಆರನೆಯ ಪ್ರಶ್ನೆಯನ್ನು ತಂದೆಯೇ ಕೇಳಬೇಕು. ಹತ್ತು ವರ್ಷದಲ್ಲಿ ಹತ್ತರಷ್ಟಾಗುವುದೆಂಬ ಆಸೆಯಿಂದ ಕೊಂಡಿದ್ದರೆ, ಅವನು ತಪ್ಪು ಸಂತೆಗೆ ಹೋದನೆಂದೇ ಹೇಳಬೇಕು. ಜರ್ಮನಿಯ ಆಂದ್ರೆಯಾಸ್ ಗುರ್ಸ್ಕಿಯ ಒಂದು ಚಿತ್ರವು, ಆರೇ ಪ್ರತಿಗಳ ಆವೃತ್ತಿಯದು, 2011ರಲ್ಲಿ ನ್ಯೂಯಾರ್ಕಿನಲ್ಲಿ 43 ಲಕ್ಷ ಡಾಲರಿಗೆ ಹೋಯಿತೆಂಬ ಸುದ್ದಿಯನ್ನು ಎಲ್ಲರೂ ಓದುವರು. ಕೊಂಡ ಬೆಲೆಗೂ ಮಾರಲಾಗದೆ ಉಳಿದ ಪಟಗಳ ಸುದ್ದಿಯನ್ನು ಯಾವ ಪತ್ರಿಕೆಯೂ ಅಚ್ಚುಹಾಕುವುದಿಲ್ಲ. ಹಸು ದಿನವೂ ಹಾಲು ಕೊಡುವುದು. ಪಟವು ಮಾರುವ ದಿನದವರೆಗೆ ಏನನ್ನೂ ಕೊಡದು, ಮಾರಲು ಗಿರಾಕಿಯೂ ಬೇಕು. ಸಾಲಮಾಡಿ ಹಸು ಕೊಂಡವರನ್ನು ಕಂಡಿದ್ದೇವೆ. ಸಾಲಮಾಡಿ ಪಟ ಕೊಳ್ಳುವುದು ಮಾತ್ರ ಕೂಡದು.

ನೋಡುವ ಸುಖಕ್ಕಾಗಿ ಕೊಂಡಿದ್ದರೆ ಮಾತು ಬೇರೆ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಲಕ್ಷ್ಮಿಯೂ ಸರಸ್ವತಿಯೂ ಎಣಿಕೆಯಿಲ್ಲದಷ್ಟು ಪ್ರತಿಗಳಾಗಿ ಮನೆಮನೆಗೆ ಬಂದರು. ಅವರು ಎಷ್ಟನೆಯ ಪ್ರತಿ ಎಂದು ಯಾರೂ ಕೇಳಲಿಲ್ಲ, ಕೇಳದೆಯೇ ಕೈಮುಗಿದರು. ಚಿತ್ರವು ಮನಸ್ಸಿಗೆ ಕೊಡುವುದು ಅಂಕಿಯಿಂದ ಬರುವುದಲ್ಲ. ಇಲ್ಲವಾಗುತ್ತಿರುವ ಒಂದು ಲೋಕವನ್ನು ಒಬ್ಬನು ಪ್ರೀತಿಯಿಂದ ನೋಡಿದನೆಂಬುದಕ್ಕೆ ಸಾಕ್ಷಿಯೇ ಆ ಬೀದಿಯ ಪಟ. ಪ್ಯಾರಿಸಿನ ಯೂಜೀನ್ ಅಜೆ (1857–1927) ಎಂಬಾತ ಹಳೆಯ ನಗರದ ಓಣಿ, ಅಂಗಡಿ, ಮೆಟ್ಟಿಲು, ಬಾಗಿಲುಗಳನ್ನು ಮೂರು ದಶಕಗಳ ಕಾಲ ಚಿತ್ರಿಸಿ, ಕಲಾವಿದರಿಗೂ ಗ್ರಂಥಾಲಯಗಳಿಗೂ ಅಲ್ಪ ಬೆಲೆಗೆ ಮಾರಿ ಜೀವಿಸಿದನು. ಆತನು ತೀರಿದ ಮೇಲೆ ಉಳಿದಿದ್ದ ಸಾವಿರಾರು ಪ್ರತಿಗಳನ್ನೂ ಗಾಜಿನ ನೆಗೆಟಿವ್‌ಗಳನ್ನೂ ಬೆರೆನಿಸ್ ಅಬಟ್ ಎಂಬ ಅಮೆರಿಕದ ಛಾಯಾಚಿತ್ರಗಾರ್ತಿ ಕೊಂಡು ಕಾಪಾಡಿದಳು. 1968ರಲ್ಲಿ ಅವು ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವನ್ನು ಸೇರಿದುವು. ಆಕೆ ನಲವತ್ತು ವರ್ಷ ಇರಿಸಿಕೊಳ್ಳದಿದ್ದರೆ ಆ ಭಾಗವೆಲ್ಲ ಚದುರಿಹೋಗುತ್ತಿದ್ದಿತು. ಸಂಗ್ರಹವೆಂಬ ಶಬ್ದಕ್ಕೆ ನಾವು ಕೊಡುವ ಅರ್ಥ ಇದು: ಕೊಳ್ಳುವುದು ಅರ್ಧ, ಉಳಿಸುವುದು ಅರ್ಧ.

ಆದುದರಿಂದ ಉಳಿಸುವ ಕ್ರಮವನ್ನೂ ಹೇಳುವೆವು. ಕಪ್ಪು ಬಿಳುಪಿನ ಹಳೆಯ ಪ್ರತಿಯೆಂದರೆ ಜಿಲೆಟಿನ್ ಎಂಬ ಸರಿಯಲ್ಲಿ ಹುದುಗಿದ ಬೆಳ್ಳಿಯ ಕಣಗಳು. ಸರಿಯು ಬೂಷ್ಟಿಗೂ ಹುಳುವಿಗೂ ಆಹಾರ. ಬೆಳ್ಳಿಯು ಗಾಳಿಗೆ ಕಂದುವುದು. ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆ, ಒಲೆಯ ಹೊಗೆ ಬಡಿಯುವ ಎಡೆ, ಈ ಮೂರೂ ವರ್ಜ್ಯ. ಪಟವು ಗಾಜಿಗೆ ತಗಲದಂತೆ ನಡುವೆ ಕಿಟಕಿ ಕತ್ತರಿಸಿದ ರಟ್ಟು ಇರಬೇಕು; ರಟ್ಟು ಆಮ್ಲರಹಿತವಾದುದಾಗಿರಬೇಕು. ಅಂಟು ಹಚ್ಚಬಾರದು, ನಾಲ್ಕು ಮೂಲೆಗೆ ಕಾಗದದ ಮೂಲೆಪಟ್ಟಿ ಸಾಕು. ಮುಟ್ಟುವಾಗ ಅಂಚನ್ನು ಮಾತ್ರ ಹಿಡಿಯಬೇಕು. ಹಬ್ಬದ ದಿನ ಗಾಜಿನ ಮೇಲೆ ಗಂಧ ಕುಂಕುಮ ಇಡುವುದಾದರೆ ಇಡಲಿ. ಒರೆಸುವಾಗ ನೀರನ್ನು ಬಟ್ಟೆಗೆ ಹಾಕಿಕೊಳ್ಳಬೇಕು, ಗಾಜಿಗೆ ಸುರಿಯಬಾರದು. ಕಟ್ಟಿನ ಸಂದಿನಿಂದ ಒಳಗಿಳಿದ ಒಂದು ತೊಟ್ಟು ನೀರು ಪಟವನ್ನು ಗಾಜಿಗೆ ಶಾಶ್ವತವಾಗಿ ಅಂಟಿಸಿಬಿಡುವುದು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿರಲಾರೆವು. ಮಗನು ತಂದ ಪಟ ಇಪ್ಪತ್ತೈದರಲ್ಲಿ ಒಂದು. ಅದೇ ಮನೆಯ ಟ್ರಂಕಿನ ತಳದಲ್ಲಿ ಒಂದರಲ್ಲಿ ಒಂದಾದ ಪಟಗಳಿರುವ ಸಂಭವವುಂಟು. ಮುಳಬಾಗಿಲಿನಲ್ಲಿಯೋ ಕೋಲಾರದಲ್ಲಿಯೋ ಚಿನ್ನದ ಗಣಿಯ ಪೇಟೆಯಲ್ಲಿಯೋ ಅಜ್ಜ ಅಜ್ಜಿಯರು ಮದುವೆಯಾದ ಹೊಸದರಲ್ಲಿ ತೆಗೆಸಿಕೊಂಡ ಪಟ. ಪರದೆಯ ಮೇಲೆ ಬರೆದ ಅರಮನೆ, ಒಂದು ಕುರ್ಚಿ, ಒಂದು ಹೂದಾನಿ. ಅದನ್ನು ತೆಗೆದ ಸ್ಟುಡಿಯೋ ಮುಚ್ಚಿಹೋಗಿರಬಹುದು. ನೆಗೆಟಿವ್ ಬೆಳ್ಳಿಯ ಆಸೆಗೆ ಗುಜರಿ ಸೇರಿರಬಹುದು. ಹಾಗಾಗಿದ್ದರೆ ಪ್ರಪಂಚದಲ್ಲಿ ಇನ್ನೊಂದು ಪ್ರತಿಯಿಲ್ಲ. ಕೋಲಾರದ ಚಿನ್ನದ ಗಣಿಗಳೇ 2001ರಲ್ಲಿ ಮುಚ್ಚಿದುವು. ಗಣಿಯ ಕಾಲದ ಆ ಪೇಟೆಯ ಬದುಕು ಹೇಗಿದ್ದಿತೆಂದು ನಾಳೆ ಕೇಳುವವರಿಗೆ, ಅಂಥ ಮನೆಗಳ ಪಟಗಳಲ್ಲದೆ ಬೇರೆ ಸಾಕ್ಷಿ ಎಷ್ಟು ಉಳಿದೀತು?

ಇಂಥ ಪಟಗಳಲ್ಲಿ ಕೆಲವು ಹಳದಿಗಟ್ಟಿರುವುದುಂಟು. ತೊಳೆಯುವಾಗ ‘ಹೈಪೋ’ ಎಂಬ ಉಪ್ಪು ಕಾಗದದಲ್ಲಿ ಉಳಿದುದು ಅದಕ್ಕೆ ಒಂದು ಮುಖ್ಯ ಕಾರಣ. ಅದನ್ನು ಪೂರ್ಣವಾಗಿ ಕಳೆಯಲು ಹರಿಯುವ ನೀರು ಬಹಳ ಹೊತ್ತು ಬೇಕು. ಬಿಂದಿಗೆಯ ಲೆಕ್ಕದಲ್ಲಿ ನೀರು ಬಳಸುವ ಸೀಮೆಯಲ್ಲಿ ಅದು ಸುಲಭವಲ್ಲ. ಹಳದಿಯಾಯಿತೆಂದು ಬಿಸಾಡಬಾರದು; ಮನೆಯಲ್ಲಿ ತೊಳೆಯುವ ಸಾಹಸವನ್ನೂ ಮಾಡಬಾರದು. ಈಗ ಮಾಡಬಹುದಾದುದು ಒಂದುಂಟು, ಅದಕ್ಕೆ ಕಾಸು ಖರ್ಚಿಲ್ಲ. ಪಟವನ್ನು ಬೋರಲಾಗಿ ಶುಭ್ರವಾದ ಬಟ್ಟೆಯ ಮೇಲೆ ಇರಿಸಿ, ಹಿಂಭಾಗದ ಅಂಚಿನಲ್ಲಿ ಮೆದುವಾದ ಸೀಸದ ಕಡ್ಡಿಯಿಂದ, ಒತ್ತದೆ, ಪಟದಲ್ಲಿರುವವರ ಹೆಸರು, ಊರು, ತೆಗೆಸಿದ ವರ್ಷ ಇವನ್ನು ಬರೆಯಬೇಕು. ಬಾಲ್ ಪೆನ್ನು ಬೇಡ. ಅದು ಮುಂಭಾಗಕ್ಕೆ ಗೀರು ಕೊರೆಯುವುದು. ಗುರುತು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಇದನ್ನು ಮಾಡಬೇಕು. ಅವರು ಹೋದ ಮೇಲೆ ಪಟ ಉಳಿದೀತು, ಹೆಸರು ಉಳಿಯದು. ಹೆಸರಿಲ್ಲದ ಪಟವನ್ನು ಎರಡನೆಯ ತಲೆಮಾರು ಗುಜರಿಗೆ ಹಾಕುವುದು.

ತಂದೆಯವರು ಹೇಳಿಕೊಟ್ಟರೆ ಬರೆಯುವ ಕೆಲಸವನ್ನು ಮಗನೇ ಮಾಡಬಲ್ಲನು. ಒಂದು ಪಟದ ಅಂಚಿನ ಅಂಕಿಗೆ ಅಷ್ಟು ಬೆಲೆ ಕೊಡಬಲ್ಲವನಿಗೆ, ಇನ್ನೊಂದರ ಬೆನ್ನ ಮೇಲಿನ ಹೆಸರಿನ ಬೆಲೆ ತಿಳಿಯದಿರಲಾರದು.